ಸಿಡಿಲು ಎಲ್ಲಿ ಬಿತ್ತು? ಲೋಕವೇ ಕಿವಿಗೊಟ್ಟು ಮಾಡುವ ಲೆಕ್ಕ

ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಏಪ್ರಿಲ್ - ಮೇ ತಿಂಗಳ ಒಂದು ಸಂಜೆ ಮೀಡಿಯಂ ವೇವ್‌ಗೆ ಹಾಕಿ ನೋಡಿ. ಘಟ್ಟದ ತಲೆಯಲ್ಲಿ ಮಿಂಚು ಕಾಣುವುದೂ ರೇಡಿಯೋ ‘ಬರ್ರ್’ ಎನ್ನುವುದೂ ಒಟ್ಟಿಗೇ. ಗುಡುಗು ಮತ್ತೆ ನಿಧಾನಕ್ಕೆ ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ. ಆದರೂ ರೇಡಿಯೋ ಬರಬರ ಅನ್ನುತ್ತಲೇ ಇರುತ್ತದೆ. ಕಣ್ಣಿಗೆ ಕಾಣದ, ಕಿವಿಗೆ ಕೇಳದ ದೂರದ ಸಿಡಿಲೂ ಅದಕ್ಕೆ ಗೊತ್ತಾಗುತ್ತದೆ.

‘ರೇಡಿಯೋ ಹಾಳಾಗಿದೆ’ ಅಂತ ನಾವು ಬೈಯುವ ಈ ಸದ್ದೇ ಇವತ್ತು ಹವಾಮಾನ ಸಂಶೋಧಕರಿಗೆ ದೊಡ್ಡ ಮಾಹಿತಿ. ಭೂಮಿಯ ಯಾವ ಮೂಲೆಯಲ್ಲಿ, ಎಷ್ಟು ಹೊತ್ತಿಗೆ ಸಿಡಿಲು ಹೊಡೆಯಿತು ಎಂದು ಇದರಿಂದಲೇ ಲೆಕ್ಕ ಹಾಕುತ್ತಾರೆ. ತೋಟದಲ್ಲಿ ಕೆಲಸ ಮಾಡುವ ನಮಗೆ ಸಿಡಿಲೆಂದರೆ ಜೀವದ ಪ್ರಶ್ನೆ. ಹಾಗಾಗಿ ಈ ಲೆಕ್ಕ ಹೇಗೆ ನಡೆಯುತ್ತದೆ, ಅದನ್ನು ಎಷ್ಟು ನಂಬಬಹುದು ಎಂದು ತಿಳಿದಿರುವುದು ಒಳ್ಳೆಯದು.

ಹಳೆಯ ವಿದ್ಯೆ

ಇದು ಹೊಸ ಸಂಗತಿಯೇನಲ್ಲ. 1895ರಲ್ಲೇ ರಷ್ಯಾದ ಅಲೆಕ್ಸಾಂಡರ್ ಪೋಪೋವ್ ದೂರದ ಸಿಡಿಲನ್ನು ಗುರುತಿಸುವ ಉಪಕರಣ ಮಾಡಿ ತೋರಿಸಿದ್ದರು. ರೇಡಿಯೋದಲ್ಲಿ ಮಾತು, ಹಾಡು ಕೇಳುವ ಕಾಲಕ್ಕಿಂತ ಎಷ್ಟೋ ಮೊದಲು ಅದು ಸಿಡಿಲನ್ನು ಕೇಳಿತ್ತು! ಮೊದಲ ಮಹಾಯುದ್ಧದ ಕಾಲಕ್ಕೆ ಬ್ರಿಟನ್ನಿನ ಹವಾಮಾನ ಇಲಾಖೆಯಲ್ಲಿದ್ದ ರಾಬರ್ಟ್ ವಾಟ್ಸನ್ ವಾಟ್, ವಿಮಾನ ಹಾರಿಸುವವರಿಗೆ ಗುಡುಗು ಮಳೆಯ ಮುನ್ಸೂಚನೆ ಕೊಡಲೆಂದು ಈ ಬರಬರ ಸದ್ದು ಯಾವ ದಿಕ್ಕಿನಿಂದ ಬರುತ್ತದೆ ಎಂದು ಹುಡುಕುತ್ತಿದ್ದರು. ಅವರೇ ಮುಂದೆ 1935ರಲ್ಲಿ ರಾಡಾರ್ ಕೆಲಸಕ್ಕೆ ಕೈಹಾಕಿದವರು.

ಗುಡುಗು ಎಣಿಸುವ ಲೆಕ್ಕ ಸಾಲದು

ಮಿಂಚು ಕಂಡ ಕೂಡಲೇ ಎಣಿಸಲು ಸುರುಮಾಡಿ, ಗುಡುಗು ಕೇಳಿದಾಗ ನಿಲ್ಲಿಸುವುದು ನಮಗೆಲ್ಲ ಗೊತ್ತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಒಂಬತ್ತು ಎಣಿಸಿದರೆ ಸಿಡಿಲು ಮೂರು ಕಿಲೋಮೀಟರ್ ಆಚೆ.

ಆದರೆ ಗುಡುಗು ಕೇಳುವುದು ಹೆಚ್ಚೆಂದರೆ ಹದಿನೈದು ಕಿಲೋಮೀಟರ್ ದೂರದ ತನಕ. ನೂರು, ಸಾವಿರ ಕಿಲೋಮೀಟರ್ ಆಚೆಯದ್ದು ತಿಳಿಯಬೇಕಾದರೆ ರೇಡಿಯೋ ತರಂಗವೇ ಗತಿ. ಅದು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ತೊಂದರೆ ಏನೆಂದರೆ, ತರಂಗ ಬಂದ ಹೊತ್ತು ಗೊತ್ತಾಗುತ್ತದೆ, ಹೊರಟ ಹೊತ್ತು ಗೊತ್ತಾಗುವುದಿಲ್ಲ. ಹೊರಟ ಹೊತ್ತು ತಿಳಿಯದೆ ದೂರ ಹೇಳುವುದು ಹೇಗೆ?

ಒಬ್ಬನಿಂದ ಆಗದು. ನಾಲ್ಕಾರು ಮಂದಿ ಸೇರಿದರೆ ಆಗುತ್ತದೆ.

ಮೂರು ಮನೆ, ಒಂದು ಗರ್ನಾಲು

ಜಾತ್ರೆಯ ದಿನ ಎಲ್ಲಿಯೋ ಒಂದು ಗರ್ನಾಲು ಸಿಡಿಯಿತು ಅನ್ನಿ. ಎಲ್ಲಿ, ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಮೇಲಿನ ಮನೆಯವರಿಗೆ ಸರಿಯಾಗಿ ಎಂಟು ಗಂಟೆಗೆ ಕೇಳಿತು. ಕೆಳಗಿನ ಮನೆಗೆ ಮೂರು ಸೆಕೆಂಡು ತಡವಾಗಿ. ಹೊಳೆಯಾಚೆಯ ಮನೆಗೆ ಆರು ಸೆಕೆಂಡು ತಡವಾಗಿ.

ಈಗ ಲೆಕ್ಕ ನೋಡಿ. ಗರ್ನಾಲು ಸಿಡಿದ ಜಾಗ ಮೇಲಿನ ಮನೆಗಿಂತ ಕೆಳಗಿನ ಮನೆಗೆ ಒಂದು ಕಿಲೋಮೀಟರ್ ಹೆಚ್ಚು ದೂರ. ಊರಿನ ನಕ್ಷೆಯಲ್ಲಿ ಈ ಮಾತಿಗೆ ಹೊಂದುವ ಜಾಗಗಳನ್ನೆಲ್ಲ ಚುಕ್ಕಿ ಇಟ್ಟು ಸೇರಿಸಿದರೆ ಒಂದು ಬಾಗಿದ ಗೆರೆ ಬರುತ್ತದೆ. ಹೊಳೆಯಾಚೆಯ ಮನೆಗೆ ಎರಡು ಕಿಲೋಮೀಟರ್ ಹೆಚ್ಚು. ಅದಕ್ಕೊಂದು ಬಾಗಿದ ಗೆರೆ. ಎರಡು ಗೆರೆಗಳು ಎಲ್ಲಿ ಕೂಡುತ್ತವೋ ಅಲ್ಲಿಯೇ ಗರ್ನಾಲು. ಕೆಲವೊಮ್ಮೆ ಗೆರೆಗಳು ಎರಡು ಕಡೆ ಕೂಡುವುದುಂಟು. ಆಗ ನಾಲ್ಕನೆಯ ಮನೆಯವರನ್ನು ಕೇಳಿದರೆ ಸಂಶಯ ಪರಿಹಾರ.

ಸಿಡಿಲಿಗೂ ಇದೇ ಲೆಕ್ಕ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಗಡಿಯಾರ ತುಂಬಾ ಸೂಕ್ಷ್ಮವಿರಬೇಕು. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ರೇಡಿಯೋ ತರಂಗ 300 ಮೀಟರ್ ಓಡಿ ಆಗಿರುತ್ತದೆ. ಗಡಿಯಾರ ಅಂಥ ಹತ್ತು ಪಾಲು ತಪ್ಪಿದರೆ ಜಾಗ ಮೂರು ಕಿಲೋಮೀಟರ್ ತಪ್ಪುತ್ತದೆ. ಬೇರೆ ಬೇರೆ ದೇಶದ ಗಡಿಯಾರಗಳನ್ನು ಇಷ್ಟು ಸರಿಯಾಗಿ ಹೊಂದಿಸುವುದು ಹಿಂದೆ ಕಷ್ಟ ಮತ್ತು ದುಬಾರಿ. ಜಿ.ಪಿ.ಎಸ್. ಉಪಗ್ರಹಗಳು ಬಂದ ಮೇಲೆ ಸಲೀಸಾಯಿತು. ಅವು ದಾರಿ ತೋರಿಸುವುದು ಮಾತ್ರವಲ್ಲ, ನಿಖರವಾದ ಹೊತ್ತನ್ನೂ ಹೇಳುತ್ತವೆ.

ದಂಬೆಯಲ್ಲಿ ನೀರು ಹರಿದ ಹಾಗೆ

ಭೂಮಿ ಗುಂಡಗಿದೆ. ಹಾಗಿರುವಾಗ ಆಚೆ ಬದಿಯ ಸಿಡಿಲಿನ ತರಂಗ ಈಚೆಗೆ ಹೇಗೆ ಬರುತ್ತದೆ?

ಸಿಡಿಲು ಎಲ್ಲ ಬಗೆಯ ರೇಡಿಯೋ ತರಂಗಗಳನ್ನೂ ಎಬ್ಬಿಸುತ್ತದೆ. ಅವುಗಳಲ್ಲಿ ಬಲವಾದವು ಸೆಕೆಂಡಿಗೆ 3 ಸಾವಿರದಿಂದ 30 ಸಾವಿರ ಸಲ ಕಂಪಿಸುವ ಉದ್ದುದ್ದ ತರಂಗಗಳು. ನಮ್ಮ ಮೀಡಿಯಂ ವೇವ್ ಇದರ ಎಷ್ಟೋ ಪಟ್ಟು ಮೇಲೆ, 5 ಲಕ್ಷಕ್ಕಿಂತ ಹೆಚ್ಚು. ನೆಲದಿಂದ ಸುಮಾರು 70ರಿಂದ 90 ಕಿಲೋಮೀಟರ್ ಎತ್ತರದಲ್ಲಿ ವಿದ್ಯುತ್ ಕಣಗಳ ಒಂದು ಪದರ ಇದೆ. ಉದ್ದದ ತರಂಗಗಳು ಅದನ್ನು ದಾಟಿ ಮೇಲೆ ಹೋಗಲಾರವು, ನೆಲದೊಳಗೂ ಇಳಿಯಲಾರವು. ಅಡಿಕೆ ದಂಬೆಯಲ್ಲಿ ನೀರು ಚೆಲ್ಲದೆ ತೋಟದ ಕೊನೆ ಮುಟ್ಟುವ ಹಾಗೆ, ಮೇಲೆ ಆ ಪದರ ಕೆಳಗೆ ನೆಲ - ಇವೆರಡರ ನಡುವೆ ಸಾವಿರಾರು ಕಿಲೋಮೀಟರ್ ಹರಿಯುತ್ತವೆ. ಹಾಗಾಗಿ ಇಡೀ ಭೂಮಿಗೆ ಸಾವಿರಾರು ಕೇಂದ್ರ ಬೇಕಿಲ್ಲ. ನೂರರ ಒಳಗೆ ಕೆಲಸ ಸಾಗುತ್ತದೆ.

ಒಂದು ತೊಡಕು ಇದೆ. ಶಾಲೆ ಬಿಟ್ಟಾಗ ಮಕ್ಕಳು ಒಟ್ಟಿಗೆ ಹೊರಡುತ್ತಾರೆ. ಊರು ಮುಟ್ಟುವಾಗ ಓಡುವವರು ಮುಂದೆ, ಮಾತಾಡುತ್ತಾ ಬರುವವರು ಹಿಂದೆ. ಮಕ್ಕಳು ಬಂದದ್ದು ಎಷ್ಟು ಹೊತ್ತಿಗೆ ಅಂದರೆ ಯಾರನ್ನು ಲೆಕ್ಕ ಹಿಡಿಯುವುದು? ಸಿಡಿಲಿನ ತರಂಗವೂ ದೂರ ಹೋದಂತೆ ಹೀಗೆ ಚದರಿಕೊಳ್ಳುತ್ತದೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ರಿಚರ್ಡ್ ಡೌಡೆನ್ ಮತ್ತು ಸಂಗಡಿಗರು ಇಡೀ ಗುಂಪು ಬಂದ ಹೊತ್ತನ್ನು ಲೆಕ್ಕಹಾಕುವ ವಿಧಾನ ಕಂಡುಹಿಡಿದು 2002ರಲ್ಲಿ ಪ್ರಕಟಿಸಿದರು. ಲೋಕವ್ಯಾಪಿ ಜಾಲಕ್ಕೆ ಇದೇ ಬುನಾದಿ.

ಒಂದು ಸರಳು, ಒಂದು ಕಂಪ್ಯೂಟರ್

ಈ ಜಾಲದ ಹೆಸರು ವರ್ಲ್ಡ್ ವೈಡ್ ಲೈಟ್ನಿಂಗ್ ಲೊಕೇಶನ್ ನೆಟ್‌ವರ್ಕ್. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಹೋಲ್ಜ್‌ವರ್ತ್ ಇದನ್ನು ಬೆಳೆಸಿದರು. ಮೊದಲಿಗೆ ಇಪ್ಪತ್ತರ ಆಸುಪಾಸು ಇದ್ದ ಕೇಂದ್ರಗಳು ಮುಂದೆ 70 ದಾಟಿದವು. ಹೆಚ್ಚಿನವು ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ತಾರಸಿಯ ಮೇಲಿವೆ. ಜಾಗ, ಕರೆಂಟು, ನೋಡಿಕೊಳ್ಳುವ ಜನ ಎಲ್ಲ ಅವರವರದ್ದೇ. ಪ್ರತಿಯಾಗಿ ಇಡೀ ಲೋಕದ ಮಾಹಿತಿ ಅವರ ಸಂಶೋಧನೆಗೆ ಸಿಗುತ್ತದೆ. ನಾಲ್ಕು ಮನೆಯವರು ಮುಯ್ಯಿಗೆ ಕೆಲಸ ಮಾಡಿಕೊಳ್ಳುವ ಹಾಗೆಯೇ.

ಕೇಂದ್ರ ಅಂದರೆ ಭಾರೀ ಕಟ್ಟಡ ಅಂದುಕೊಳ್ಳಬೇಡಿ. ಆಳೆತ್ತರದ ಒಂದು ಸರಳಿನ ಆಂಟೆನಾ, ಜಿ.ಪಿ.ಎಸ್. ಸಾಧನ, ಒಂದು ಕಂಪ್ಯೂಟರ್, ಇಂಟರ್‌ನೆಟ್. ತರಂಗವನ್ನು ಕಂಪ್ಯೂಟರಿನ ಸೌಂಡ್ ಕಾರ್ಡೇ ಹಿಡಿದುಕೊಳ್ಳುತ್ತದೆ. ನಾವು ಹಾಡು ಕೇಳಲು ಬಳಸುವುದೂ ಅದನ್ನೇ. ಕೇಂದ್ರದಿಂದ ಇಡೀ ಸದ್ದು ಹೋಗುವುದಿಲ್ಲ. ‘ಇಷ್ಟು ಹೊತ್ತಿಗೆ ಒಂದು ಬಂತು’ ಎಂಬ ಚುಟುಕು ವರದಿ ಮಾತ್ರ. ಆದ್ದರಿಂದ ಇಂಟರ್‌ನೆಟ್ ನಿಧಾನ ಇದ್ದರೂ ನಡೆಯುತ್ತದೆ.

ಕನಿಷ್ಠ ಐದು ಕೇಂದ್ರಗಳ ವರದಿ ಒಂದಕ್ಕೊಂದು ತಾಳೆಯಾದರೆ ಮಾತ್ರ ಅದು ಸಿಡಿಲು ಅಂತ ಲೆಕ್ಕಕ್ಕೆ ಬರುತ್ತದೆ. ಜಾಗ ಹೆಚ್ಚಾಗಿ ಹತ್ತು ಕಿಲೋಮೀಟರಿನ ಒಳಗೆ ಸರಿಯಾಗಿರುತ್ತದೆ. ನಿಮ್ಮ ತೋಟಕ್ಕೆ ಬಿತ್ತೋ ಪಕ್ಕದ ತೋಟಕ್ಕೋ ಎಂದು ಹೇಳಲು ಇದು ಏನೂ ಸಾಲದು. ಆದರೆ ಅರಬ್ಬಿ ಸಮುದ್ರದ ನಡುವೆ ಗುಡುಗು ಮೋಡ ಎಲ್ಲಿದೆ ಎಂದು ತಿಳಿಯಲು ಧಾರಾಳ ಸಾಕು. ಅಲ್ಲಿ ಮಳೆ ಅಳೆಯಲು ಯಾರ ಅಂಗಳವೂ ಇಲ್ಲವಲ್ಲ!

ಹವ್ಯಾಸಿಗಳ ಜಾಲವೂ ಒಂದುಂಟು. ಜರ್ಮನಿಯ ಡ್ಯೂಸೆಲ್ಡಾರ್ಫಿನ ಎಗೋನ್ ವಾಂಕೆ ಆರಂಭಿಸಿದ ‘ಬ್ಲಿಟ್ಸ್‌ಓರ್ಟುಂಗ್’. ಆಸಕ್ತರು ಬಿಡಿಭಾಗ ತರಿಸಿ, ತಾವೇ ಬೆಸುಗೆ ಹಾಕಿ, ಮನೆಯಲ್ಲಿ ಕೇಂದ್ರ ಇಡುತ್ತಾರೆ. ಯುರೋಪಿನಲ್ಲಿ ಕೇಂದ್ರಗಳು ದಟ್ಟವಾಗಿರುವುದರಿಂದ ಅಲ್ಲಿ ಜಾಗ ಬಹಳ ನಿಖರ. ವಿರಳ ಇರುವಲ್ಲಿ ಅಷ್ಟಕ್ಕಷ್ಟೆ. ‘ಜೀವ, ಆಸ್ತಿ ರಕ್ಷಣೆಗೆ ಇದನ್ನೇ ನಂಬಬೇಡಿ’ ಎಂದು ಅವರೇ ತಿಳಿಸುತ್ತಾರೆ.

ಮೇಲಿನಿಂದ ನೋಡುವ ಕಣ್ಣು

ನೆಲದಿಂದ ಕೇಳುವುದಲ್ಲದೆ ಮೇಲಿನಿಂದ ನೋಡುವುದೂ ಇದೆ. ಅಮೆರಿಕದ ನಾಸಾ 1995ರಲ್ಲಿ ಒಂದು, 1997ರಲ್ಲಿ ಇನ್ನೊಂದು ಮಿಂಚು ನೋಡುವ ಉಪಕರಣವನ್ನು ಉಪಗ್ರಹದಲ್ಲಿ ಕಳಿಸಿತು. ಎರಡನೆಯದು 2015ರ ತನಕ ಕೆಲಸ ಮಾಡಿತು. ಇಡೀ ಭೂಮಿಯಲ್ಲಿ ಸೆಕೆಂಡಿಗೆ ಸರಾಸರಿ ಸುಮಾರು 44 ಮಿಂಚು ಎಂದು ಮೊದಲನೆಯದರ ಮಾಹಿತಿಯಿಂದ ಗೊತ್ತಾಯಿತು. ದಿನಕ್ಕೆ 38 ಲಕ್ಷ ಆಯಿತು! 1925ರಲ್ಲಿ ಬ್ರಿಟನ್ನಿನ ಬ್ರೂಕ್ಸ್ ಎಂಬವರು ಗುಡುಗು ಕೇಳಿದ ದಿನಗಳ ಲೆಕ್ಕ ಹಿಡಿದು ಸೆಕೆಂಡಿಗೆ 100 ಎಂದು ಅಂದಾಜು ಮಾಡಿದ್ದರು. ಉಪಗ್ರಹದ ಯಾವ ಸಹಾಯವೂ ಇಲ್ಲದ ಕಾಲಕ್ಕೆ ಅದು ಕೆಟ್ಟ ಅಂದಾಜಲ್ಲ.

ಆದರೆ ಭೂಮಿಗೆ ಸುತ್ತು ಬರುವ ಇಂಥ ಉಪಗ್ರಹಕ್ಕೆ ಒಂದು ಊರು ಕಾಣುವುದು ಒಂದು ಸಲಕ್ಕೆ ಒಂದೂವರೆ ನಿಮಿಷ. ಮತ್ತೆ ಅದು ಮುಂದೆ ಹೋಯಿತು. ಒಂದೇ ಕಡೆ ನಿಂತು ನೋಡುವ ಉಪಗ್ರಹವನ್ನು ಅಮೆರಿಕ 2016ರಲ್ಲಿ, ಯುರೋಪು 2022ರಲ್ಲಿ ಹಾರಿಸಿದವು. ಅವು ನೋಡುವುದು ತಮ್ಮ ತಮ್ಮ ಕಡೆಯ ಭಾಗವನ್ನು. ಇಡೀ ಲೋಕವನ್ನು ಹಗಲು ರಾತ್ರಿ ಕೇಳುವುದು ನೆಲದ ಜಾಲಗಳೇ.

ಇದರಿಂದ ತಿಳಿದದ್ದೇನು?

ಒಂದು ಉದಾಹರಣೆ ನಮ್ಮ ಹಿಂದೂ ಮಹಾಸಾಗರದ್ದೇ. ಶ್ರೀಲಂಕಾದ ದಕ್ಷಿಣದಿಂದ ಮಲಕ್ಕಾ ಜಲಸಂಧಿಗೆ ಹೋಗುವ ಹಡಗಿನ ದಾರಿ ಇದೆ. ಬಹಳ ಓಡಾಟದ ದಾರಿ. 2005ರಿಂದ 2016ರ ವರೆಗಿನ ಜಾಲದ ಮಾಹಿತಿಯನ್ನು ನಕ್ಷೆಗೆ ಹಾಕಿದಾಗ ಸಿಡಿಲಿನ ಚುಕ್ಕಿಗಳು ಆ ದಾರಿಯುದ್ದಕ್ಕೂ ಗೆರೆ ಎಳೆದ ಹಾಗೆ ಕಂಡವು. ಅಕ್ಕಪಕ್ಕದ ಸಮುದ್ರಕ್ಕಿಂತ ಅಲ್ಲಿ ಸಿಡಿಲು ಸುಮಾರು ಇಮ್ಮಡಿ. 2017ರಲ್ಲಿ ಜೋಯಲ್ ಥಾರ್ನ್‌ಟನ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಹಡಗಿನ ಹೊಗೆಯ ಕಣಗಳ ಮೇಲೆ ಮೋಡದ ಹನಿಗಳು ಕಟ್ಟುತ್ತವೆ. ಕಣ ಹೆಚ್ಚಾದರೆ ಹನಿಗಳು ಹೆಚ್ಚು, ಗಾತ್ರ ಸಣ್ಣದು. ಸಣ್ಣ ಹನಿ ಬೇಗ ಮಳೆಯಾಗಿ ಬೀಳದೆ ಮೇಲೆ ಹೋಗಿ ಹಿಮವಾಗುತ್ತದೆ. ಹಿಮದ ತುಣುಕುಗಳು ತಿಕ್ಕಾಡಿದಾಗಲೇ ಸಿಡಿಲಿನ ವಿದ್ಯುತ್ತು ಹುಟ್ಟುವುದು.

ಕತೆ ಅಲ್ಲಿಗೆ ಮುಗಿಯಲಿಲ್ಲ. 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇಕಡಾ 3.5ರಿಂದ 0.5ಕ್ಕೆ ಇಳಿಸಿದರು. ಆ ದಾರಿಯ ಮೇಲಿನ ಸಿಡಿಲು ಸುಮಾರು ಅರ್ಧಕ್ಕೆ ಇಳಿಯಿತು. ಮನುಷ್ಯನ ಹೊಗೆ ಮೋಡದ ಸ್ವಭಾವವನ್ನೇ ಬದಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಸಿಗುವುದು ಕಷ್ಟ.

ಚಂಡಮಾರುತದ್ದು ಇನ್ನೊಂದು. ಹಲವು ಚಂಡಮಾರುತಗಳ ಸಿಡಿಲನ್ನು ಲೆಕ್ಕ ಹಾಕಿದ ಇಸ್ರೇಲಿನ ಕಾಲಿನ್ ಪ್ರೈಸ್ ಮತ್ತು ಸಂಗಡಿಗರಿಗೆ, ಗಾಳಿ ಅತಿ ಜೋರಾಗುವ ಸುಮಾರು ಒಂದು ದಿನ ಮೊದಲೇ ಸಿಡಿಲು ಹೆಚ್ಚಾಗುವುದು ಕಂಡಿತು. ಇದು 2009ರ ವರದಿ. ಜ್ವಾಲಾಮುಖಿಯ ಬೂದಿಮೋಡದಲ್ಲೂ ಸಿಡಿಲು ಹುಟ್ಟುತ್ತದೆ. 2022ರ ಜನವರಿ 15ರಂದು ಟೊಂಗಾದ ಸಮುದ್ರದಲ್ಲಿ ಜ್ವಾಲಾಮುಖಿ ಸಿಡಿದಾಗ ಒಂದು ಹಂತದಲ್ಲಿ ನಿಮಿಷಕ್ಕೆ 2,600ರಷ್ಟು ಮಿಂಚು ದಾಖಲಾಯಿತು. ಮನುಷ್ಯರಿಲ್ಲದ ದ್ವೀಪದ ಸುದ್ದಿಯನ್ನೂ ಸಿಡಿಲು ಹೇಳುತ್ತದೆ.

ಲೆಕ್ಕದ ಒಳಗಿನ ಗುಂಡಿ

ಇಲ್ಲೊಂದು ಎಚ್ಚರದ ಮಾತು. ಕೇಂದ್ರಗಳು ಇಪ್ಪತ್ತರಿಂದ ಎಪ್ಪತ್ತಾದಾಗ ಜಾಲಕ್ಕೆ ಸಿಕ್ಕುವ ಸಿಡಿಲೂ ಹೆಚ್ಚಾಯಿತು. ಲೋಕದಲ್ಲಿ ಸಿಡಿಲೇ ಹೆಚ್ಚಾಯಿತು ಎಂದು ಅರ್ಥವೇ? ಅಲ್ಲ. ಕಿವಿ ಹೆಚ್ಚಾಯಿತು, ಅಷ್ಟೆ. ಈ ಜಾಲ ಹಿಡಿಯುವುದು ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಸಿಡಿಲನ್ನು. ದೊಡ್ಡವು ಹೆಚ್ಚು ಸಿಗುತ್ತವೆ, ಸಣ್ಣವು ತಪ್ಪಿಹೋಗುತ್ತವೆ. ಒಂದು ಕೇಂದ್ರದ ಕರೆಂಟು ಹೋದರೆ ಆ ಭಾಗದ ಲೆಕ್ಕ ತಗ್ಗುತ್ತದೆ. ಹಾಗಾಗಿ ಸಿಡಿಲಿನ ಸಂಖ್ಯೆಯ ಜತೆಗೆ ಆ ಹೊತ್ತಿಗೆ ಯಾವ ಯಾವ ಕೇಂದ್ರ ಎಚ್ಚರ ಇತ್ತು, ಎಷ್ಟು ಚೆನ್ನಾಗಿ ಕೇಳುತ್ತಿತ್ತು ಎಂಬುದನ್ನೂ ದಾಖಲಿಸಿ ಲೆಕ್ಕ ತಿದ್ದುತ್ತಾರೆ.

ಮಳೆ ಅಳೆಯುವವರಿಗೆ ಇದು ಬೇಗ ಅರ್ಥವಾದೀತು. ಮಳೆಮಾಪಕದ ಪಕ್ಕದ ತೆಂಗಿನ ಗಿಡ ಹತ್ತು ವರ್ಷದಲ್ಲಿ ಬೆಳೆದು ಅಡ್ಡ ಬಂತು. ಪುಸ್ತಕದಲ್ಲಿ ಮಳೆ ಕಡಿಮೆಯಾಗುತ್ತಾ ಹೋಯಿತು. ನಿಜಕ್ಕೂ ಕಡಿಮೆಯಾದದ್ದು ಮಳೆಯೋ, ಅಳತೆಯೋ? ಅಳೆದ ರೀತಿ ಬರೆದಿಡದಿದ್ದರೆ ಆ ಪುಸ್ತಕದಿಂದ ಉತ್ತರ ಸಿಗದು.

ನಮಗಿದರಿಂದ ಏನು?

ಸರಕಾರದ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ. ಗದ್ದೆ, ತೋಟ, ಮೇವಿನ ಜಾಗದಲ್ಲಿ ಇರುವವರಿಗೇ ಅಪಾಯ ಹೆಚ್ಚು.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ದೇಶದೊಳಗೆ 80ಕ್ಕಿಂತ ಹೆಚ್ಚು ಸಿಡಿಲು ಕೇಂದ್ರ ಇಟ್ಟಿದೆ. ಅದರ ಮಾಹಿತಿ ‘ದಾಮಿನಿ’ ಆ್ಯಪ್ ಮೂಲಕ ಮೊಬೈಲಿಗೆ ಬರುತ್ತದೆ. ಹಾಕಿಕೊಳ್ಳಿ, ಒಳ್ಳೆಯದೇ. ಆದರೆ ನೆನಪಿಡಿ: ಚುಕ್ಕಿ ತೋರಿಸುವುದು ಬಿದ್ದು ಆದ ಸಿಡಿಲನ್ನು. ಮೋಡ ಇತ್ತ ಬರುತ್ತಿದ್ದರೆ ಆ ಚುಕ್ಕಿಗಳು ಎಚ್ಚರಿಕೆ. ನಿಮ್ಮ ತಲೆಯ ಮೇಲೆಯೇ ಕಟ್ಟಿದ ಮೋಡದ ಮೊದಲ ಸಿಡಿಲಿಗೆ ಹಿಂದಿನ ಚುಕ್ಕಿ ಇರುವುದಿಲ್ಲ. ಸಿಗ್ನಲ್ ಇಲ್ಲದ ತೋಟದಲ್ಲಿ ಆ್ಯಪ್ ಸುಮ್ಮನಿದ್ದರೆ ಸಿಡಿಲಿಲ್ಲ ಎಂದು ಅರ್ಥವೂ ಅಲ್ಲ. ಅಲ್ಲಿ ನಮ್ಮ ಕಣ್ಣು, ಕಿವಿಯೇ ಗತಿ.

• ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸಲಾಗದಿದ್ದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ. ಮುಂದಿನದು ನಿಮ್ಮಲ್ಲಿಗೇ ಬರಬಹುದು. ಅಂಗಳದ ಅಡಿಕೆ ನೆನೆದರೆ ನೆನೆಯಲಿ, ಒಳಗೆ ಬನ್ನಿ. ಎಣಿಸಲು ಆಗದಿದ್ದರೆ ಗುಡುಗು ಕೇಳಿದ್ದೇ ಸಾಕು.

• ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯದೆ ತೋಟಕ್ಕೆ ಇಳಿಯಬೇಡಿ.

• ಅಲ್ಯುಮಿನಿಯಂ ದೋಟಿ, ಏಣಿ, ತಂತಿ ಬೇಲಿ ದೂರ ಇರಲಿ. ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ.

• ಮರದ ಬುಡ, ಬದಿ ಇಲ್ಲದ ಶೆಡ್ಡು ಆಸರೆಯಲ್ಲ. ಪಕ್ಕಾ ಮನೆ ಅಥವಾ ಲೋಹದ ಮಾಡಿನ ಮುಚ್ಚಿದ ವಾಹನ ಆಗಬಹುದು. ಮನೆಯೊಳಗೂ ಪಂಪಿನ ಸ್ಟಾರ್ಟರ್, ನಳ್ಳಿ, ವಯರಿನ ಫೋನು ಮುಟ್ಟಬೇಡಿ.

• ದನಗಳನ್ನು ಮರಕ್ಕೆ ಕಟ್ಟಿ ಬರಬೇಡಿ. ನೆಲದಲ್ಲಿ ಹರಿಯುವ ವಿದ್ಯುತ್ತು ಮುಂಗಾಲಿನಿಂದ ಹಿಂಗಾಲಿಗೆ ದಾಟುವಾಗ ಎದೆಯ ಮೂಲಕವೇ ಹೋಗುತ್ತದೆ.

• ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಮುಟ್ಟಲು ಹೆದರಬೇಡಿ. ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತಲು ಸುರುಮಾಡಿ, ವೈದ್ಯರಿಗೆ ಹೇಳಿಕಳಿಸಿ.

ಮಳೆ ಪುಸ್ತಕಕ್ಕೆ ಇನ್ನೊಂದು ಕಾಲಮು

ನಮ್ಮಲ್ಲಿ ಅನೇಕರು ವರ್ಷಗಟ್ಟಲೆಯಿಂದ ಮಳೆ ಲೆಕ್ಕ ಬರೆದಿಡುತ್ತಾರೆ. ಅದಕ್ಕೆ ಗುಡುಗಿನ ಕಾಲಮು ಒಂದನ್ನು ಸೇರಿಸಿ. ಖರ್ಚೇನೂ ಇಲ್ಲ. ಹವಾಮಾನ ಕೇಂದ್ರಗಳು ಹಿಂದಿನಿಂದಲೂ ‘ಗುಡುಗಿನ ದಿನ’ ಎಂದು ಬರೆಯುತ್ತಾ ಬಂದಿವೆ. ಆ ದಿನ ಒಂದು ಸಲವಾದರೂ ಗುಡುಗು ಕಿವಿಗೆ ಬಿದ್ದರೆ ಅದು ಗುಡುಗಿನ ದಿನ. ಬ್ರೂಕ್ಸ್ ಲೋಕದ ಲೆಕ್ಕ ಹಾಕಿದ್ದು ಇಂಥ ದಾಖಲೆಯಿಂದಲೇ. 2016ರಿಂದ ಸಿಡಿಲನ್ನು ಹವೆಯ ಬದಲಾವಣೆ ತಿಳಿಯಲು ಅಗತ್ಯವಾದ ಅಳತೆಗಳ ಅಂತಾರಾಷ್ಟ್ರೀಯ ಪಟ್ಟಿಗೂ ಸೇರಿಸಿದ್ದಾರೆ. ಆದರೆ ಜಾಲದ ಮಾಹಿತಿ ಸಿಗುವುದು ಇತ್ತೀಚಿನ ವರ್ಷಗಳದ್ದು. ಅದಕ್ಕೂ ಹಿಂದಿನದು ಬೇಕಾದರೆ ಕೈಬರಹದ ಪುಸ್ತಕವೇ ಆಧಾರ.

ಬರೆಯಬೇಕಾದ್ದು ಇಷ್ಟೆ: ತಾರೀಕು, ಮೊದಲ ಗುಡುಗಿನ ಹೊತ್ತು, ಯಾವ ದಿಕ್ಕು, ಅತಿ ಹತ್ತಿರದ್ದಕ್ಕೆ ಎಷ್ಟು ಎಣಿಸಿದಿರಿ, ಮಳೆ ಎಷ್ಟು, ಮರಕ್ಕೋ ಪಂಪಿಗೋ ಹಾನಿಯಾಯಿತೇ. ಮನೆಯಲ್ಲೇ ನಿಂತು ಎಣಿಸಿ, ಅಂಗಳಕ್ಕಿಳಿದು ಅಲ್ಲ. ಅಕ್ಕಪಕ್ಕದ ನಾಲ್ಕೈದು ಗ್ರಾಮದವರು ಒಂದೇ ರೀತಿಯಲ್ಲಿ ಬರೆದರೆ, ಬೇಸಗೆ ಮಳೆಯ ಮೋಡ ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೆಲವು ವರ್ಷದಲ್ಲಿ ಕಂಡೀತು. ಕೊಯ್ಲು, ಮದ್ದು ಬಿಡುವ ಕೆಲಸವನ್ನು ಬೆಳಗ್ಗೆ ಇಟ್ಟುಕೊಳ್ಳಬೇಕೇ ಎಂದು ತೀರ್ಮಾನಿಸಲು ಸಹಾಯವಾದೀತು.

ಒಂದು ನಿಯಮ ಮಾತ್ರ ತಪ್ಪಬಾರದು. ಗುಡುಗು ಕೇಳದ ದಿನ ‘ಇಲ್ಲ’ ಎಂದು ಬರೆಯಿರಿ. ನೀವು ಊರಲ್ಲಿ ಇಲ್ಲದ ದಿನ ಜಾಗ ಖಾಲಿ ಬಿಡಿ. ಎರಡೂ ಒಂದೇ ಅಲ್ಲ. ಅಂದಾಜಿನಿಂದ ತುಂಬಿಸಿದ ಪುಸ್ತಕಕ್ಕಿಂತ ನಡುನಡುವೆ ಖಾಲಿ ಇರುವ ಪುಸ್ತಕವೇ ಮುಂದೆ ಉಪಯೋಗಕ್ಕೆ ಬರುವುದು.